ಪ್ರೊಸೆಸರಿಗೆ ಹಿಡಿದ ಬೂಷ್ಟು

ನನಗೆ ಕಂಪ್ಯೂಟರ್ ರಿಪೇರಿ ಬರುತ್ತದೆ ಎಂಬುದನ್ನು ಮೊತ್ತಮೊದಲು ಕಂಡುಹಿಡಿದವನು ನಾನೇ. ಆಮೇಲೆ ಬೇರೆ ಯಾರೂ ಅದನ್ನು ಕಂಡುಹಿಡಿಯಲಿಲ್ಲ.

ಉದ್ಯೋಗದಲ್ಲಿ ನಾನು ಕಾಸರಗೋಡಿನ ಹತ್ತಿರದ ವಿದ್ಯಾನಗರದ ಒಂದು ಸರಕಾರಿ ಕಚೇರಿಯ ತಪಾಲು ಗುಮಾಸ್ತ. ಬಂದ ಕಾಗದಕ್ಕೆ ನಂಬರು ಹಾಕಬೇಕು, ಹೋಗುವ ಕಾಗದಕ್ಕೆ ನಂಬರು ಹಾಕಬೇಕು, ಹೋಗದೆ ಕೂತ ಕಾಗದಕ್ಕೆ ಕಾರಣ ಹುಡುಕಬೇಕು. ಇಂಥ ನನ್ನನ್ನು ಒಂದು ಸಲ ಮೂರು ದಿನದ ಕಂಪ್ಯೂಟರ್ ತರಬೇತಿಗೆ ಕಳುಹಿಸಿದರು. ಮೊದಲ ದಿನ ಉದ್ಘಾಟನೆ, ಮೂರನೆಯ ದಿನ ಸಮಾರೋಪ. ನಡುವಿನ ದಿನ ಒಬ್ಬರು ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ, "ಇದು ಪ್ರೊಸೆಸರ್, ಅಂದರೆ ಮೆದುಳು. ಇದು ಮೆಮೊರಿ, ಅಂದರೆ ನೆನಪು," ಎಂದು ತೋರಿಸಿ ಮುಚ್ಚಳ ಹಾಕಿದರು. ನಾನು ಮೂರನೆಯ ಬೆಂಚಿನಿಂದ ಕತ್ತು ಉದ್ದ ಮಾಡಿ ನೋಡಿದ್ದೆ. ನನ್ನ ವಿದ್ಯೆ ಇಷ್ಟೇ. ಆದರೆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಚಾವಡಿಯಲ್ಲಿ ಯೇಸುವಿನ ಪಟದ ಪಕ್ಕದಲ್ಲಿ ಮೊಳೆ ಹೊಡೆಯಲು ಹೊರಟೆ. ಹೆಂಡತಿ ಸಿಸಿಲಿ ಅಡುಗೆಮನೆಯಿಂದ ಇಣುಕಿ, "ದೇವರ ಸಾಲಿನಲ್ಲಿ ಬೇಡ ಮಾರಾಯ್ರೆ, ಸ್ವಲ್ಪ ಕೆಳಗೆ ಹಾಕಿ," ಎಂದಳು. ಹಾಕಿದೆ.

ನಮ್ಮ ಮನೆಮಾತು ಕೊಂಕಣಿ. ಸಿಸಿಲಿಯ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ಖಾರ ಸ್ವಲ್ಪ ಕಡಿಮೆಯಾಗಿದ್ದರೆ ಅದು ನನ್ನ ಅನುಕೂಲಕ್ಕಾಗಿ ಎಂದು ತಿಳಿಯಬೇಕು.

ನೆಕ್ರಾಜೆಯ ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಗ್ರೆಟ್ಟಾಳಿಗಾಗಿ. ಗ್ರೆಟ್ಟಾ ಸಿಸಿಲಿಯ ಒಬ್ಬಳೇ ತಂಗಿ. ಎರಡು ವರ್ಷದ ಮಗುವಾಗಿದ್ದಾಗ ಜ್ವರ ಬಂದು ಅವಳ ಕಿವಿ ಹೋಯಿತು, ಹಾಗಾಗಿ ಮಾತೂ ಬರಲಿಲ್ಲ. ಶಾಲೆಯಲ್ಲಿ ಮೂರು ಕ್ಲಾಸು ಕೂತು ತನ್ನ ಹೆಸರು ಬರೆಯಲು ಕಲಿತಳು, ಅಷ್ಟೆ. ಆದರೆ ಮನೆಯಲ್ಲಿ ಅಕ್ಕತಂಗಿಯರಿಬ್ಬರೂ ಸೇರಿ ತಮ್ಮದೇ ಒಂದು ಕೈಭಾಷೆ ಕಟ್ಟಿಕೊಂಡಿದ್ದರು. ಅದಕ್ಕೆ ಪುಸ್ತಕ ಇಲ್ಲ, ಮಾಸ್ತರು ಇಲ್ಲ. ಲೋಕದಲ್ಲಿ ಅದನ್ನು ಪೂರ್ತಿ ಬಲ್ಲವರು ಎರಡೇ ಜನ. ಕಿವಿಯ ಹಾಲೆ ಹಿಡಿದರೆ ಅಮ್ಮ. ಅಂಗೈಯನ್ನು ವಿಮಾನದಂತೆ ಏರಿಸಿದರೆ ಗಲ್ಫ್. ಸೊಂಟಕ್ಕೆ ಕೈ ಇಟ್ಟು ಹೊಟ್ಟೆ ಮುಂದೆ ತಳ್ಳಿದರೆ ನಾನು. ಈ ಕೊನೆಯ ಪದವನ್ನು ಬದಲಾಯಿಸಿಕೊಡಬೇಕೆಂದು ನಾನು ಹಲವು ಬಾರಿ ಮನವಿ ಸಲ್ಲಿಸಿದ್ದೇನೆ. ಯಾವುದೇ ಕ್ರಮ ಕೈಗೊಳ್ಳಲಾಗಿಲ್ಲ.

ಗ್ರೆಟ್ಟಾಳನ್ನು ಮದುವೆಯಾದ ರಾಬರ್ಟ್ ಶಾರ್ಜಾದಲ್ಲಿ ಸ್ಟೋರ್ ಕೀಪರ್. ಅವನ ಹಿಂದೆ ಅವಳೂ ಹೋದಳು. ಅಲ್ಲಿ ಮನೆಯಲ್ಲೇ ಕೂತು ಸುತ್ತಲಿನ ನಮ್ಮ ಹೆಂಗಸರಿಗೆ ರವಕೆ, ಮಕ್ಕಳಿಗೆ ಫ್ರಾಕು ಹೊಲಿಯುತ್ತಿದ್ದಳು. ರಾಬರ್ಟ್ ಒಳ್ಳೆಯವನು. ಆದರೆ ಕೈಭಾಷೆಯಲ್ಲಿ ಅವನಿಗೆ ಬರುವುದು ಮೂರೇ ಮಾತು: ಊಟ, ನಿದ್ರೆ, ಬಾಗಿಲು ಹಾಕು. ಅಷ್ಟರಲ್ಲಿ ಸಂಸಾರ ನಡೆಯುತ್ತದೆ ಎಂದು ಅವನ ವಾದ. ನಡೆಯುತ್ತಲೂ ಇತ್ತು. ಉಳಿದ ಮಾತನ್ನೆಲ್ಲ ಗ್ರೆಟ್ಟಾ ಅಕ್ಕನಿಗಾಗಿ ಕೂಡಿಟ್ಟುಕೊಳ್ಳುತ್ತಿದ್ದಳು. ಫೋನಿನಲ್ಲಿ ಕೈ ಕಾಣುವುದಿಲ್ಲವಲ್ಲ! ಹಾಗಾಗಿ ನಮ್ಮ ಕಡೆಗೆ ಬ್ರಾಡ್‌ಬ್ಯಾಂಡ್ ಬಂದದ್ದೇ ತಡ, ಕಂಪ್ಯೂಟರ್ ತಂದು ತಲೆಯ ಮೇಲೊಂದು ಕ್ಯಾಮೆರಾ ಸಿಕ್ಕಿಸಿದೆವು. ಗಲ್ಫಿನಲ್ಲಿ ಶುಕ್ರವಾರ ರಜೆ. ಪ್ರತಿ ಶುಕ್ರವಾರ ಸಂಜೆ ಆರಕ್ಕೆ ಸಿಸಿಲಿ ತಲೆ ಬಾಚಿ, ಮುಖಕ್ಕೆ ಪೌಡರು ಹಾಕಿ ಕುರ್ಚಿಯಲ್ಲಿ ಕೂತರೆ ಎಂಟು ಗಂಟೆಯವರೆಗೆ ಮನೆಯಲ್ಲಿ ಒಂದು ಸದ್ದಿಲ್ಲ. ಇಬ್ಬರು ಹೆಂಗಸರು ಎರಡು ಗಂಟೆ ಮಾತಾಡಿದರೂ ಸದ್ದಿಲ್ಲದ ಮನೆ ಕೇರಳದಲ್ಲಿ ನಮ್ಮದೊಂದೇ ಇರಬೇಕು.

ಗ್ರೆಟ್ಟಾ ಆ ಕಂಪ್ಯೂಟರಿನ ಪೆಟ್ಟಿಗೆಗೆ ಒಂದು ಅಂಗಿ ಹೊಲಿದು ಕಳುಹಿಸಿದ್ದಳು. ಗುಲಾಬಿ ಸ್ಯಾಟಿನ್, ಒಳಗೆ ಅದೇ ಬಣ್ಣದ ಹತ್ತಿಯ ಅಸ್ತರಿ, ಅಂಚಿಗೆ ನೆರಿಗೆ. ಮಿಕ್ಸಿಗೆ, ಟಿವಿಗೆ, ಫ್ರಿಜ್ಜಿಗೆ ಅಂಗಿ ಇರುವ ಮನೆಯಲ್ಲಿ ಕಂಪ್ಯೂಟರೊಂದೇ ಬರಿಮೈಯಲ್ಲಿ ಕೂರುವುದು ಹೇಗೆ? ಹಗಲೂ ರಾತ್ರಿ ಅದು ಅಂಗಿ ತೊಟ್ಟೇ ಇತ್ತು. ಸ್ವಿಚ್ಚು ಒತ್ತುವಾಗ ಮಾತ್ರ ಮುಂದಿನ ನೆರಿಗೆ ಎತ್ತುತ್ತಿದ್ದೆವು.

ಇಷ್ಟು ಪೀಠಿಕೆ. ಇನ್ನು ವಿಷಯಕ್ಕೆ ಬರುತ್ತೇನೆ.

ಮಳೆ ಬಿಡದೆ ಸುರಿಯುವ ಆಟಿ ತಿಂಗಳ ಒಂದು ಶುಕ್ರವಾರ. ಗ್ರೆಟ್ಟಾ ತೆರೆಯ ಮೇಲೆ ಬಂದು ಹತ್ತು ನಿಮಿಷ ಆಗಿರಲಿಲ್ಲ. ಅವಳು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಅಲುಗಿಸಿದಳು. ಬಟ್ಟೆ ಹೊಲಿಯುವಂತೆ ಮಾಡಿದಳು, ಬೆರಳು ಬಿಡಿಸಿದಳು, ಕೆಳಗೆ ನೋಡಿದಳು. ಆಮೇಲೆ ಕೆನ್ನೆಯ ಹತ್ತಿರ ಕೈ ತಂದಳು. ಅಷ್ಟರಲ್ಲಿ ಟಕ್ ಎಂದು ತೆರೆ ಕಪ್ಪಾಯಿತು.

"ಎಂತ ಆಯ್ತು?" ಎಂದಳು ಸಿಸಿಲಿ. "ಅವಳು ಕೈಯ ವಿಷಯ ಎಂತದ್ದೋ ಹೇಳ್ತಾ ಇದ್ದಳು. ಸೂಜಿ ಕೈಯಿಂದ ಬೀಳ್ತದೆ ಅಂತ ಹೇಳಿದಳು. ಆಮೇಲಿನದ್ದು ಕಾಣ್ಲಿಲ್ಲ."

"ಐದು ನಿಮಿಷ," ಎಂದೆ ನಾನು. ಜೀವಮಾನದಲ್ಲಿ ಇಷ್ಟು ಉದ್ದದ ಐದು ನಿಮಿಷ ನಾನು ಬೇರೆ ಕಂಡಿಲ್ಲ.

ಸ್ವಿಚ್ಚು ಒತ್ತಿದೆ. ಬಂತು. ಐದು ನಿಮಿಷಕ್ಕೆ ಹೋಯಿತು. ಪುನಃ ಒತ್ತಿದೆ. ಮೂರು ನಿಮಿಷಕ್ಕೆ ಹೋಯಿತು. ಪುನಃ ಒತ್ತಿದೆ. ಗ್ರೆಟ್ಟಾಳ ಮುಖ ಬರುವ ಮೊದಲೇ ಹೋಯಿತು. ಸಿಸಿಲಿ ಎದ್ದು ರಾಬರ್ಟನಿಗೆ ಫೋನು ಮಾಡಿದಳು.

"ರಾಬರ್ಟ್, ಅವಳಿಗೆ ಕೈಗೆ ಎಂತ ಆಗಿದೆ?"

"ಕೈಗಾ? ಎಂತದ್ದೂ ಇಲ್ಲ ಅಕ್ಕ," ಎಂದ ರಾಬರ್ಟ್. "ನನಗೂ ಎರಡು ದಿನದಿಂದ ಕೈ ಹಿಡಿದು ತೋರಿಸ್ತಾ ಇದ್ದಾಳೆ. ಬಳೆ ಬೇಕಂತ ಕಾಣ್ತದೆ. ತೆಗೆದು ಕೊಡುವಾ."

"ಬಳೆಗೆ ನಾವು ಹಾಗೆ ಮಾಡುವುದಲ್ಲ," ಎಂದಳು ಸಿಸಿಲಿ. ಹೇಗೆ ಮಾಡುವುದೆಂದು ಫೋನಿನಲ್ಲಿ ಅವನಿಗೆ ತೋರಿಸಲು ಆಗಲಿಲ್ಲ. ಫೋನು ಇಟ್ಟು ನನ್ನತ್ತ ತಿರುಗಿ, "ನನಗೆ ಅವಳನ್ನು ಕಂಡು ಕೇಳ್ಬೇಕು. ಇದನ್ನೊಮ್ಮೆ ಸರಿ ಮಾಡಿಸಿ," ಎಂದಳು. ಮಾಡಿಸಿ ಎಂದಳೇ ಹೊರತು ಮಾಡಿ ಎನ್ನಲಿಲ್ಲ. ಆ ವ್ಯತ್ಯಾಸ ನನ್ನ ಗಮನಕ್ಕೆ ಬರಲಿಲ್ಲ.

ಮರುದಿನ ಬೆಳಗ್ಗೆ ತನಿಖೆ ಪ್ರಾರಂಭಿಸಲಾಯಿತು. ಮೊದಲ ಆರೋಪಿ ಕರೆಂಟು. ಪಕ್ಕದ ಮನೆಯ ಸಂಕಪ್ಪಣ್ಣ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿದ್ದು ನಿವೃತ್ತರಾದವರು. ಅವರನ್ನು ಕರೆತಂದು, ನಾಲ್ಕೈದು ಸಲ ಸ್ವಿಚ್ಚು ಒತ್ತಿ ತೋರಿಸಿ, ನಮ್ಮ ಮನೆಗೆ ಬರುವ ಕರೆಂಟಿನ ಗುಣಮಟ್ಟದ ಬಗ್ಗೆ ಅಭಿಪ್ರಾಯ ಕೇಳಿದೆ.

"ಲಾರೆನ್ಸಣ್ಣ, ನಿಮ್ಮ ಒಂದು ಮನೆಗೆ ಬೇರೆ ಕರೆಂಟು ಕಳಿಸುವ ಕ್ರಮ ಇಲ್ಲ," ಎಂದರು ಅವರು. ಆಮೇಲೆ ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, "ಇದು ಕಾವಲಿಯ ಹಾಗೆ ಬಿಸಿ ಉಂಟಲ್ಲ ಮಾರಾಯ್ರೆ! ಇದರ ಅಂಗಿ ಬಿಚ್ಚಿ, ಗಾಳಿಗೆ ಇಡಿ. ಒಳಗಿನ ಫ್ಯಾನಿಗೆ ಧೂಳು ಹಿಡಿದಿರ್ಬೇಕು," ಎಂದರು.

ಒಂದು ನಿಮಿಷದಲ್ಲಿ ರೋಗವನ್ನೂ ಮದ್ದನ್ನೂ ಹೇಳಿ, ಚಹಾ ಸಹ ಕುಡಿಯದೆ ಹೋದರು. ಅಷ್ಟು ಸುಲಭದ ಮಾತನ್ನು ನಾನು ಒಪ್ಪುವುದುಂಟೇ? ಕಂಬ ಹತ್ತುವ ವಿದ್ಯೆ ಬೇರೆ, ಕಂಪ್ಯೂಟರ್ ವಿದ್ಯೆ ಬೇರೆ ಎಂದು ಸಿಸಿಲಿಗೆ ವಿವರಿಸಿದೆ. ಅಲ್ಪವಿದ್ಯೆಗೆ ಗರ್ವ ಜಾಸ್ತಿ ಎನ್ನುತ್ತಾರೆ. ನನ್ನದು ಅಲ್ಪವೂ ಅಲ್ಲ, ಮೂರನೆಯ ಬೆಂಚಿನಿಂದ ಕಂಡ ವಿದ್ಯೆ.

ಎರಡನೆಯ ಆರೋಪಿ ಮೆಮೊರಿ. ಅದನ್ನು ತೆಗೆದು ರಬ್ಬರಿನಿಂದ ಉಜ್ಜಿದರೆ ಸರಿಯಾಗುತ್ತದೆ ಎಂದು ಕಚೇರಿಯಲ್ಲಿ ಯಾರೋ ಹೇಳಿದ್ದು ನೆನಪಿತ್ತು. ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು, ಕೋಟು ಸಹ ಬಿಚ್ಚದೆ ಉಜ್ಜಿದೆ. ಸ್ವಿಚ್ಚು ಒತ್ತಿದರೆ ಕಂಪ್ಯೂಟರ್ ನಗುನಗುತ್ತ ಬಂತು! ಹತ್ತು ನಿಮಿಷ, ಇಪ್ಪತ್ತು ನಿಮಿಷ. ನಾನು ಸಿಸಿಲಿಯನ್ನು ಕರೆದು ಕೂರಿಸಿ, ಮನುಷ್ಯನಿಗಾಗಲೀ ಯಂತ್ರಕ್ಕಾಗಲೀ ನೆನಪಿನ ಶಕ್ತಿ ಎಷ್ಟು ಮುಖ್ಯ ಎಂಬ ವಿಷಯದಲ್ಲಿ ನಾಲ್ಕು ಮಾತು ಆಡಿದೆ. ಐದನೆಯ ಮಾತಿಗೆ ಅದು ಆರಿಹೋಯಿತು. ಒಂದು ಹಗಲು ಒಂದು ರಾತ್ರಿ ತಣ್ಣಗೆ ಕೂತಿದ್ದ ಪೆಟ್ಟಿಗೆ ತಣ್ಣಗಿರುವಷ್ಟು ಹೊತ್ತು ಓಡಿತ್ತು, ಅಷ್ಟೆ. ಇದು ನನಗೆ ಈಗ ಗೊತ್ತು. ಅಂದು ಗೊತ್ತಿದ್ದದ್ದು ಸಂಕಪ್ಪಣ್ಣನಿಗೆ ಮಾತ್ರ.

"ಕೇಳಿತಾ," ಎಂದಳು ಸಿಸಿಲಿ. "ಕಾಸರಗೋಡಿಗೆ ತೆಗೊಂಡು ಹೋಗುವಾ. ಬಸ್‌ಸ್ಟ್ಯಾಂಡಿನ ಹಿಂದೆ ರಿಪೇರಿ ಅಂಗಡಿ ಉಂಟಂತೆ."

"ನಾನೇ ಮಾಡ್ತೇನೆ."

"ಹಾಗಾದರೆ ಶುಕ್ರವಾರ ನೆಟ್ ಕೆಫೆಗಾದರೂ ಹೋಗುವಾ. ಅಲ್ಲಿ ಕ್ಯಾಮೆರಾ ಉಂಟು ಅಂತ ಹೇಳ್ತಾರೆ. ನನಗೆ ಅರ್ಧ ಗಂಟೆ ಸಾಕು."

ಇಲ್ಲಿ ನಾನು ಹೇಳಿದ ಮಾತನ್ನು ಯಾರ ಮೇಲೂ ಹೊರಿಸುವ ಹಾಗಿಲ್ಲ. "ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೆಫೆಗೆ ಹೋಗುವುದಾ? ನನ್ನ ಕಚೇರಿಯವರು ಯಾರಾದರೂ ಕಂಡರೆ ಎಂತ ಹೇಳ್ಬಹುದು? ಶುಕ್ರವಾರಕ್ಕೆ ಇದು ಸರಿಯಾಗದಿದ್ದರೆ ನನ್ನ ಹೆಸರು ಲಾರೆನ್ಸ್ ಅಲ್ಲ," ಎಂದೆ. ನನ್ನ ಹೆಸರಿಗೆ ಅಷ್ಟು ಬೆಲೆ ಉಂಟೆಂದು ಅವಳು ನಂಬಿದಳು. ಪಾಪ, ಮದುವೆಯಾಗಿ ಇಪ್ಪತ್ತು ವರ್ಷ ಕಳೆದ ಮೇಲೂ ನಂಬಿದಳು.

ಬುಧವಾರ ನಮ್ಮ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಒಬ್ಬರು ಬಂದರು. ಅವರನ್ನು ವರಾಂಡಕ್ಕೆ ಕರೆದು, "ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ ಹೀಗೆ ಹೀಗೆ," ಎಂದು ಕೇಳಿದೆ. "ಇದ್ದಕ್ಕಿದ್ದ ಹಾಗೆ ಆಫ್ ಆಗುವುದಾದರೆ ಪ್ರೊಸೆಸರ್ ನೋಡ್ಬೇಕು," ಎಂದು ಹೇಳಿ ಅವರು ತಮ್ಮ ಕೆಲಸಕ್ಕೆ ಹೋದರು. ನೋಡಬೇಕು ಎಂದಿದ್ದರು. ಮುಟ್ಟಬೇಕು ಎಂದಿರಲಿಲ್ಲ.

ಶುಕ್ರವಾರ ರಜೆ ಹಾಕಿದೆ. ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಪೆಟ್ಟಿಗೆ ಮಲಗಿಸಿದೆ. ಅಂಗಿ ಬಿಚ್ಚಿದೆ, ಬದಿಯ ತಗಡು ಬಿಚ್ಚಿದೆ. ನಡುವೆ ಒಂದು ಪುಟ್ಟ ಫ್ಯಾನು, ಅದರ ಕೆಳಗೆ ಅಲ್ಯೂಮಿನಿಯಮ್ಮಿನ ಒಂದು ಗಟ್ಟಿ, ಅದರ ಕೆಳಗೆ ನಮ್ಮ ಮೆದುಳು. ಫ್ಯಾನಿನ ಮೈತುಂಬ ಗುಲಾಬಿ ಬಣ್ಣದ ಹತ್ತಿಯಂಥ ಧೂಳು. ಅದು ನನ್ನ ಕಣ್ಣಿಗೆ ಬಿತ್ತು. ಆದರೆ ಪತ್ತೇದಾರನಾದವನು ಬಾಗಿಲಲ್ಲೇ ಬಿದ್ದ ಸಾಕ್ಷಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದುಂಟೇ? ಕೊಂಡಿ ಬಿಚ್ಚಿ ಗಟ್ಟಿಯನ್ನು ಮೇಲಕ್ಕೆಳೆದೆ. ಬರಲಿಲ್ಲ. ಸ್ವಲ್ಪ ತಿರುಚಿ ಎಳೆದೆ. ಪ್ರೊಸೆಸರ್ ಸಮೇತ ಕಿತ್ತುಕೊಂಡು ಬಂತು. ಬೇರ್ಪಡಿಸಿ ನೋಡಿದರೆ, ಅದರ ತಲೆಯ ಮೇಲೆ ಬೆಳ್ಳಗೆ ಹಿಡಿದಿದೆ!

"ಸಿಸಿಲಿ, ಬಾ ಇಲ್ಲಿ," ಎಂದು ಕೂಗಿದೆ. "ಸಿಕ್ಕಿತು ಕಳ್ಳ. ಬೂಷ್ಟು!"

ನಮ್ಮ ಊರಿನವರು ಇದಕ್ಕೆ ನನ್ನನ್ನು ತಪ್ಪು ಹೇಳಲಾರರು. ಆಟಿಯಲ್ಲಿ ನಮ್ಮಲ್ಲಿ ಬೂಷ್ಟು ಹಿಡಿಯದ ವಸ್ತು ಯಾವುದುಂಟು? ಬೆಲ್ಟಿಗೆ ಹಿಡಿಯುತ್ತದೆ, ಚಪ್ಪಲಿಗೆ ಹಿಡಿಯುತ್ತದೆ, ಮದುವೆಯ ಕೋಟಿಗೆ, ಪ್ರಾರ್ಥನೆಯ ಪುಸ್ತಕದ ರಟ್ಟಿಗೆ, ಗಾಜಿನೊಳಗಿದ್ದ ನನ್ನ ಸರ್ಟಿಫಿಕೇಟಿಗೂ ಹಿಡಿದಿತ್ತು. ಬೆಳ್ಳಗೆ ಕಂಡದ್ದನ್ನೆಲ್ಲ ಒರೆಸಿಯೇ ನಾವು ದೊಡ್ಡವರಾದದ್ದು. ಮೆದುಳಿಗೆ ಬೂಷ್ಟು ಹಿಡಿದರೆ ಯಾವ ಯಂತ್ರ ತಾನೇ ನೆಟ್ಟಗೆ ಯೋಚಿಸೀತು?

ಸಿಸಿಲಿ ಬಗ್ಗಿ ನೋಡಿ, "ಇದು ಬೂಷ್ಟಿನ ಹಾಗೆ ಕಾಣುವುದಿಲ್ಲ. ಬೂಷ್ಟಾದರೆ ವಾಸನೆ ಬರ್ತದೆ," ಎಂದಳು.

"ಕಂಪ್ಯೂಟರಿನ ಬೂಷ್ಟಿಗೆ ವಾಸನೆ ಇರುವುದಿಲ್ಲ," ಎಂದೆ. ಎಲ್ಲಿಂದ ಬಂತೋ ಆ ಜ್ಞಾನ!

ಹತ್ತಿಯಲ್ಲಿ ಅತ್ತರು ಅದ್ದಿ ಒರೆಸಿದೆ. ಗಟ್ಟಿಯ ಬುಡವನ್ನೂ ಒರೆಸಿದೆ. ಎರಡೂ ಕನ್ನಡಿಯ ಹಾಗೆ ಹೊಳೆದವು. ಬಿಸಿಲಿರಲಿಲ್ಲ, ಆದ್ದರಿಂದ ಅರ್ಧ ಗಂಟೆ ಒಲೆಯ ಬದಿಯಲ್ಲಿಟ್ಟು ಒಣಗಿಸಿದೆ. ಬೂಷ್ಟು ಪುನಃ ಬಾರದ ಹಾಗೆ ಏನಾದರೂ ಮಾಡಬೇಕಲ್ಲ? ಮಳೆಗಾಲದಲ್ಲಿ ಕತ್ತಿಗೆ ಹಚ್ಚುವಂತೆ ತೆಳ್ಳಗೆ ಒಂದು ಕೈ ತೆಂಗಿನೆಣ್ಣೆ ಹಚ್ಚಿದೆ. ಪ್ರೊಸೆಸರಿನ ಹೊಟ್ಟೆಯ ಅಡಿಯಲ್ಲಿ ಕೂದಲೆಳೆಯಂಥ ನೂರಾರು ಕಾಲುಗಳಿರುತ್ತವೆ. ಕಿತ್ತ ರಭಸಕ್ಕೆ ನಾಲ್ಕೈದು ಸೊಟ್ಟಗಾಗಿದ್ದವು. ಸಿಸಿಲಿಯ ಸೂಜಿಯಿಂದ ಅವನ್ನು ನೆಟ್ಟಗೆ ಮಾಡಿ, ಒತ್ತಿ ಕೂರಿಸಿ, ಮೇಲೆ ಗಟ್ಟಿ ಇಟ್ಟೆ. ಒಂದು ಕೊಂಡಿ ಬೀಳಲಿಲ್ಲ. ಒಂದು ಕೊಂಡಿ ಸಾಕು ಎಂದು ತೀರ್ಮಾನಿಸಲಾಯಿತು.

ಗಂಟೆ ಆರಕ್ಕೆ ಹತ್ತು ನಿಮಿಷ. ಸಿಸಿಲಿ ತಲೆ ಬಾಚಿ, ಪೌಡರು ಹಾಕಿ ಕುರ್ಚಿಯಲ್ಲಿ ಕೂತಿದ್ದಳು. ಸ್ವಿಚ್ಚು ಒತ್ತಿದೆ. ಫ್ಯಾನು ತಿರುಗಿತು. ತೆರೆಯ ಮೇಲೆ ಎರಡು ಸಾಲು ಇಂಗ್ಲಿಷ್ ಅಕ್ಷರ ಬಂತು. "ನೋಡು!" ಎಂದು ನಾನು ಕೈ ಎತ್ತಿದೆ. ಅಕ್ಷರ ಅಲ್ಲೇ ನಿಂತಿತು. ಪೆಟ್ಟಿಗೆಯೊಳಗಿನಿಂದ ಹಪ್ಪಳ ಕರಿದ ವಾಸನೆ ಬಂತು. ಆಮೇಲೆ ಯಾವುದೂ ಬರಲಿಲ್ಲ.

ಎಷ್ಟು ಒತ್ತಿದರೂ ಬರಲಿಲ್ಲ. ಹಿಂದಿನ ಶುಕ್ರವಾರ ಐದು ನಿಮಿಷವಾದರೂ ಬದುಕಿದ್ದ ಕಂಪ್ಯೂಟರ್, ನನ್ನ ಚಿಕಿತ್ಸೆಯ ನಂತರ ಪೂರ್ತಿ ಸತ್ತಿತ್ತು. ಕಾಸರಗೋಡಿಗೆ ಹೋಗೋಣವೆಂದರೆ ಕೊನೆಯ ಬಸ್ಸಿನಲ್ಲಿ ಹೋದವರು ಮರಳಲು ಬಸ್ಸಿಲ್ಲದೆ ಅಲ್ಲೇ ಮಲಗಬೇಕು.

ಆರೂವರೆಗೆ ರಾಬರ್ಟನ ಫೋನು ಬಂತು. "ಎಂತ ಅಕ್ಕ, ಈ ವಾರವೂ ಬರುವುದಿಲ್ಲವಾ? ಇವಳು ಆಗದಿಂದ ಕಂಪ್ಯೂಟರಿನ ಎದುರು ಕೂತಿದ್ದಾಳೆ. ಏಳು ಅಂದರೂ ಏಳುವುದಿಲ್ಲ."

"ಅವಳ ಕೈ ಹೇಗುಂಟು?"

"ಕೈ ಚೆನ್ನಾಗಿಯೇ ಉಂಟು. ನಿನ್ನೆ ಗಂಜಿಯ ಪಾತ್ರೆ ಕೈಯಿಂದ ಬಿತ್ತು, ಅಷ್ಟೆ."

ಸಿಸಿಲಿಯ ಮುಖ ಬದಲಾಯಿತು. "ರಾಬರ್ಟ್, ಅದು ಬಳೆ ಅಲ್ಲ. ಅವಳನ್ನು ಡಾಕ್ಟರಿಗೆ ತೋರಿಸು. ನಾಳೆಯೇ ತೋರಿಸು."

"ನಾಳೆ ಸ್ಟೋರಿನಲ್ಲಿ ಮಾಲು ಬರ್ತದೆ ಅಕ್ಕ. ಮುಂದಿನ ಶುಕ್ರವಾರ ಕರ್ಕೊಂಡು ಹೋಗ್ತೇನೆ. ಮೊದಲು ಅವಳಿಗೆ ಎಂತ ಆಗ್ತದೆ ಅಂತ ನೀವು ಕೇಳಿ ಹೇಳಿದರೆ ನನಗೂ ಡಾಕ್ಟರಲ್ಲಿ ಹೇಳ್ಲಿಕ್ಕೆ ಆಗ್ತದೆ. ನನಗೆ ಅವಳು ಹೇಳುವುದು ಗೊತ್ತಾಗುವುದಿಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೇಳಿ ಹೇಳಬೇಕಾದವಳು ಇಲ್ಲಿ ಕೂತಿದ್ದಳು, ಹೇಳಬೇಕಾದವಳು ಅಲ್ಲಿ ಕೂತಿದ್ದಳು. ನಡುವೆ ನಾನಿದ್ದೆ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡು.

ಮರುದಿನ ಎರಡನೆಯ ಶನಿವಾರ, ರಜೆ. ಪೆಟ್ಟಿಗೆಗೆ ಪುನಃ ಗುಲಾಬಿ ಅಂಗಿ ತೊಡಿಸಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಕಾಸರಗೋಡಿಗೆ ಹೋದೆ. ಮಗಳಿಗೆ ನೆರಿಗೆಯ ಫ್ರಾಕು ತೊಡಿಸಿ ಚರ್ಚಿಗೆ ಮೊದಲ ಕಮ್ಯೂನಿಯನ್ನಿಗೆ ಕರೆದೊಯ್ಯುವ ತಂದೆಯ ಹಾಗೆ ಕಾಣುತ್ತಿದ್ದೆನೇನೋ. ಎದುರು ಸೀಟಿನ ಅಜ್ಜಿಯೊಬ್ಬರು ನೆರಿಗೆ ಮುಟ್ಟಿ, "ಹೊಲಿಗೆ ಚಂದ ಉಂಟು," ಎಂದರು. ನಾನು ಪೆಟ್ಟಿಗೆಯನ್ನು ಇನ್ನೂ ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡೆ.

ಬಸ್‌ಸ್ಟ್ಯಾಂಡಿನ ಹಿಂದಿನ ರಿಪೇರಿ ಅಂಗಡಿ ಶೈಲಜಾ ಎಂಬವರದು. ನಲವತ್ತು ದಾಟಿದ ಹೆಂಗಸು, ಮೊದಲು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದವರು. ಮನೆಮಾತು ಮಲಯಾಳ, ಕನ್ನಡ ಗಿರಾಕಿಗಳಿಂದ ಕಲಿತದ್ದು. ಅವರು ಪೆಟ್ಟಿಗೆ ಬಿಚ್ಚಿ, ಗಟ್ಟಿ ಎತ್ತಿ, ಪ್ರೊಸೆಸರನ್ನು ದೀಪದ ಕೆಳಗೆ ಹಿಡಿದರು. ಆಮೇಲೆ ಬೆರಳು ಮೂಸಿ ನೋಡಿದರು.

"ಸಾರ್, ಇದಕ್ಕೆ ಎಣ್ಣೆ ಹಚ್ಚಿದ್ದು ಯಾರು?"

"ನಾನೇ."

"ತೆಂಗಿನೆಣ್ಣೆಯಾ?"

"ಹೌದು."

"ಮನೆಯ ಕೊಬ್ಬರಿಯದ್ದೇ ಇರ್ಬೇಕು. ಒಳ್ಳೆ ಪರಿಮಳ ಉಂಟು." ಅವರು ನಗಲಿಲ್ಲ. "ಇಲ್ಲಿ ಬಿಳಿ ಪೇಸ್ಟು ಇತ್ತಲ್ಲ, ಅದೆಲ್ಲಿ?"

"ಪೇಸ್ಟಾ? ಬೂಷ್ಟು ಇತ್ತು. ಒರೆಸಿದೆ."

ಶೈಲಜಾ ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ದೊಡ್ಡ ಕಾಯಿಲೆಯ ಸುದ್ದಿ ಹೇಳುವ ಮೊದಲು ಡಾಕ್ಟರುಗಳು ಹಾಗೆ ಮಾಡುತ್ತಾರೆ. "ಪ್ರೊಸೆಸರ್ ಕೆಲಸ ಮಾಡುವಾಗ ಬಿಸಿ ಆಗ್ತದೆ ಸಾರ್. ಆ ಬಿಸಿಯನ್ನು ಈ ಅಲ್ಯೂಮಿನಿಯಂ ಎಳ್ಕೊಳ್ತದೆ, ಫ್ಯಾನು ಹೊರಗೆ ಹಾಕ್ತದೆ. ನಡುವೆ ಸಂದು ಇರಬಾರದು ಅಂತ ಕಂಪನಿಯವರೇ ಹಾಕಿದ ಪೇಸ್ಟು ಅದು. ನೀವು ಅದನ್ನು ತೆಗೆದಿರಿ, ಕೊಂಡಿಯನ್ನೂ ಸರಿ ಹಾಕಲಿಲ್ಲ. ಬಿಸಿ ಹೋಗ್ಲಿಕ್ಕೆ ದಾರಿ ಇಲ್ಲ. ಸುಟ್ಟು ಹೋಗಿದೆ."

"ಅದಕ್ಕೆ ಮೊದಲೇ ಆಫ್ ಆಗ್ತಾ ಇತ್ತಲ್ಲ?" ಎಂದೆ. ಮುಳುಗುವವನಿಗೆ ಹುಲ್ಲುಕಡ್ಡಿ.

ಅವರು ಫ್ಯಾನಿನಿಂದ ಗುಲಾಬಿ ಹತ್ತಿಯ ಒಂದು ಮುದ್ದೆ ಕಿತ್ತು ನನ್ನ ಅಂಗೈಯಲ್ಲಿಟ್ಟರು. "ಈ ಅಂಗಿಯ ಅಸ್ತರಿಯದ್ದು. ಬಿಸಿಯಾದ ಕೂಡಲೆ ತನ್ನಿಂದ ತಾನೇ ಆಫ್ ಆಗ್ತಿತ್ತು, ಹಾಳಾಗಬಾರದು ಅಂತ. ಪೇಸ್ಟು ಇಲ್ಲದೆ ಈ ಸಲ ಅದಕ್ಕೂ ಸಮಯ ಸಿಗಲಿಲ್ಲ. ಅಂಗಿ ತೆಗೆದು, ಇದನ್ನು ಊದಿ ಬಿಟ್ಟಿದ್ದರೆ ಸಾಕಿತ್ತು. ಹತ್ತು ನಿಮಿಷದ ಕೆಲಸ."

ಹತ್ತು ನಿಮಿಷ! ಈ ಜಾತಿಯ ಪ್ರೊಸೆಸರ್ ಈಗ ಅಂಗಡಿಯಲ್ಲಿಲ್ಲ, ಕೋಯಿಕ್ಕೋಡಿನಿಂದ ತರಿಸಬೇಕು, ಹತ್ತು ದಿನ ಹಿಡಿಯುತ್ತದೆ ಎಂದು ಅವರು ಹೇಳಿದ್ದು ನನ್ನ ಕಿವಿಗೆ ಅರ್ಧ ಮಾತ್ರ ಬಿತ್ತು. ಹೊರಗೆ ಬಂದು ಮೊದಲು ನೆಟ್ ಕೆಫೆ ಹುಡುಕಿದೆ. ರಾಬರ್ಟನ ರಜೆ ನೋಡಿ ಮುಂದಿನ ಶುಕ್ರವಾರ ಸಂಜೆಗೆ ಕ್ಯಾಮೆರಾ ಇರುವ ಜಾಗವೊಂದನ್ನು ಹೇಳಿಟ್ಟೆ. ಕಚೇರಿಯವರು ಕಂಡರೆ ಕಾಣಲಿ ಎಂದುಕೊಂಡೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆ ಶುಕ್ರವಾರ ಬರುವ ಮೊದಲು ಮಂಗಳವಾರ ಬಂತು. ನಾನು ಕಚೇರಿಗೆ ಹೊರಡಲು ಚಪ್ಪಲಿ ಹಾಕುತ್ತಿದ್ದಾಗ ಫೋನು ಬಡಿಯಿತು. ರಾಬರ್ಟ್ ಅಳುತ್ತಿದ್ದ. ಗ್ರೆಟ್ಟಾ ಹೊಲಿಗೆ ಯಂತ್ರದ ಎದುರಿನಿಂದ ಕೆಳಗೆ ಬಿದ್ದಿದ್ದಳು. ಆಸ್ಪತ್ರೆಯಲ್ಲಿದ್ದಾಳೆ, ಜೀವಕ್ಕೆ ಭಯವಿಲ್ಲ, ಆದರೆ ಬಲಭಾಗ ಸ್ವಾಧೀನ ಇಲ್ಲ. ಕೈ ಏಳುವುದಿಲ್ಲ. "ಡಾಕ್ಟರು ಕೇಳ್ತಾರೆ ಅಕ್ಕ, ಕೈ ಜೋಮು ಹಿಡಿಯುವುದು, ವಸ್ತು ಬೀಳುವುದು, ಕೆನ್ನೆ ಮರಗಟ್ಟುವುದು ಮೊದಲೇ ಶುರುವಾಗಿರ್ಬೇಕಲ್ಲ, ಆಗಲೇ ಯಾಕೆ ತರಲಿಲ್ಲ ಅಂತ. ನನಗೆ ಎಂತ ಗೊತ್ತು ಅಕ್ಕ? ಅವಳು ನನಗೆ ಹೇಳಿದ್ದರೆ ಅಲ್ವಾ?"

ಸಿಸಿಲಿ ಫೋನು ಇಟ್ಟಳು. ತನ್ನ ಕೆನ್ನೆಯನ್ನು ಮುಟ್ಟಿಕೊಂಡಳು. "ಕೆನ್ನೆ," ಎಂದಳು. "ಕೆನ್ನೆ ಅಂತ ಹೇಳ್ಲಿಕ್ಕೆ ಹೊರಟಿದ್ದಳು. ನನಗೇ ಹೇಳ್ತಾ ಇದ್ದದ್ದು."

ನಾನು ಬೈಗುಳಕ್ಕಾಗಿ ಕಾದೆ. ಇಪ್ಪತ್ತು ವರ್ಷದಲ್ಲಿ ಉಪ್ಪು ತರಲು ಮರೆತದ್ದಕ್ಕೆ ಬೈದಿದ್ದಾಳೆ, ಕೊಡೆ ಕಳೆದದ್ದಕ್ಕೆ ಬೈದಿದ್ದಾಳೆ, ಗೊರಕೆಗೆ ಬೈದಿದ್ದಾಳೆ. ಅಂದು ಬೈಯಲಿಲ್ಲ. ಅಡುಗೆಮನೆಗೆ ಹೋಗಿ ಹಲಸಿನ ಬೀಜದ ಸಿಪ್ಪೆ ಸುಲಿಯಲು ಕೂತಳು. ನಾನು ಬಾಗಿಲಲ್ಲಿ ನಿಂತು, "ತಪ್ಪು ನನ್ನದು," ಎಂದೆ. "ಕಚೇರಿಗೆ ತಡವಾಗ್ತದೆ, ಹೋಗಿ," ಎಂದಳು. ಹೋದೆ. ಆ ದಿನ ಬಂದ ಕಾಗದಕ್ಕೆ ಹೋಗುವ ಕಾಗದದ ನಂಬರು ಹಾಕಿದೆನೆಂದು ಮೇಲಧಿಕಾರಿಗಳು ಬೈದರು. ಅವರಾದರೂ ಬೈದರಲ್ಲ ಎಂದು ನನಗೆ ಸಮಾಧಾನವಾಯಿತು.

ಹತ್ತು ದಿನ ಎಂದದ್ದು ಮೂರು ವಾರವಾಯಿತು. ಕಂಪ್ಯೂಟರ್ ಮನೆಗೆ ಬಂತು. ಅಂಗಿ ಹಾಕಲಿಲ್ಲ. ಅಷ್ಟರಲ್ಲಿ ಗ್ರೆಟ್ಟಾಳನ್ನೂ ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದರು. ಶುಕ್ರವಾರ ಆರಕ್ಕೆ ಸಿಸಿಲಿ ಕೂತಳು. ನಾನು ಕುರ್ಚಿಯ ಹಿಂದೆ ನಿಂತೆ. ಯಾವುದನ್ನೂ ಮುಟ್ಟಬಾರದೆಂದು ನನಗೆ ಆಜ್ಞೆಯಾಗಿತ್ತು. ಸ್ವಿಚ್ಚು ಸಹ ಅವಳೇ ಒತ್ತಿದಳು.

ಗ್ರೆಟ್ಟಾ ಬಂದಳು. ಇಳಿದು ಹೋಗಿದ್ದಳು. ಬಾಯಿಯ ಒಂದು ತುದಿ ಸ್ವಲ್ಪ ಜಾರಿತ್ತು. ಬಲಗೈಯನ್ನು ರಾಬರ್ಟ್ ಒಂದು ದಿಂಬಿನ ಮೇಲೆ ಎತ್ತಿಟ್ಟಿದ್ದ. ಸಿಸಿಲಿ ಎರಡೂ ಕೈಯಲ್ಲಿ ಒಂದೇ ಸಮನೆ ಮಾತಾಡತೊಡಗಿದಳು. ಒಂದು ತಿಂಗಳ ಮಾತು, ತಡೆಯಲಾಗಲಿಲ್ಲ. ಗ್ರೆಟ್ಟಾ ಉತ್ತರ ಕೊಡಲು ಎಡಗೈ ಎತ್ತಿದಳು. ಎಡಗೈ ಬಂದು ನಿಂತು ಬಲಗೈಗಾಗಿ ಕಾದಿತು. ಬಲಗೈ ಬರಲಿಲ್ಲ. ಅವರ ಭಾಷೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಮಾತಿಗೆ ಎರಡು ಕೈ ಬೇಕು ಎಂಬುದು ನನಗೆ ತಿಳಿದದ್ದೇ ಆಗ. ಅವಳು ಪುನಃ ಎತ್ತಿದಳು, ಪುನಃ ಅರ್ಧಕ್ಕೆ ನಿಂತಿತು. ಆಮೇಲೆ ಎಡಗೈ ಇಳಿಸಿ, ಅಕ್ಕನ ಎರಡು ಕೈಗಳನ್ನು ನೋಡುತ್ತ ಕೂತಳು.

ಸಿಸಿಲಿಯ ಕೈ ಗಾಳಿಯಲ್ಲೇ ನಿಂತಿತು. ಒಂದು ಗಳಿಗೆ ಕಳೆದು ಅವಳು ತನ್ನ ಬಲಗೈಯನ್ನು ಸೀರೆಯ ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಎಡಗೈ ಒಂದನ್ನೇ ಎತ್ತಿ, ಹೊಸದಾಗಿ ಅಕ್ಷರ ತಿದ್ದುವವಳ ಹಾಗೆ ತಡವರಿಸುತ್ತ ಒಂದು ಮಾತು ಹೇಳಿದಳು. ಗ್ರೆಟ್ಟಾ ಅದನ್ನು ನೋಡಿ ತಲೆ ಅಲ್ಲಾಡಿಸಿದಳು, ಹಾಗಲ್ಲ ಎಂಬಂತೆ. ತನ್ನ ಎಡಗೈಯಲ್ಲಿ ಬೇರೆ ರೀತಿ ಮಾಡಿ ತೋರಿಸಿದಳು. ಸಿಸಿಲಿ ಹಾಗೆಯೇ ಮಾಡಿದಳು. ಇಬ್ಬರೂ ಸೇರಿ ಎರಡನೆಯ ಸಲ ಭಾಷೆ ಕಟ್ಟುತ್ತಿದ್ದರು, ಈ ಸಲ ಒಂದೊಂದೇ ಕೈಯಲ್ಲಿ. ನನಗೆ ನೋಡಲಾಗಲಿಲ್ಲ. ಆದರೂ ನೋಡಿದೆ.

ಕೊನೆಗೆ ಗ್ರೆಟ್ಟಾ ನನ್ನತ್ತ ಕಣ್ಣು ಮಾಡಿ ಏನೋ ಕೇಳಿದಳು. ಸಿಸಿಲಿ ಚುಟುಕಾಗಿ ಉತ್ತರಿಸಿದಳು.

"ಎಂತ ಕೇಳಿದಳು?" ಎಂದೆ.

"ಇಷ್ಟು ದಿನ ಕಂಪ್ಯೂಟರಿಗೆ ಎಂತ ಆಗಿತ್ತು ಅಂತ."

"ನೀನು ಎಂತ ಹೇಳಿದೆ?"

"ಮಳೆಗೆ ಕರೆಂಟು ಇರಲಿಲ್ಲ ಅಂತ."

"ಸುಳ್ಳು ಯಾಕೆ ಸಿಸಿಲಿ? ನಾನು ಹಾಳು ಮಾಡಿದ್ದು ಅಂತ ಹೇಳು. ಆದದ್ದು ಆದ ಹಾಗೆ ಹೇಳು."

ಅವಳು ತೆರೆಯಿಂದ ಕಣ್ಣು ತೆಗೆಯಲಿಲ್ಲ. "ಅದನ್ನು ಹೇಳ್ಲಿಕ್ಕೆ ಎರಡು ಕೈ ಬೇಕು," ಎಂದಳು.

ನನ್ನ ಎರಡು ಕೈಗಳೂ ಗಟ್ಟಿಮುಟ್ಟಾಗಿದ್ದವು. ಅವುಗಳಿಗೆ ಬೇರೆ ಉಪಯೋಗ ತೋಚದೆ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಆ ಕಂಪ್ಯೂಟರಿಗೆ ನಾನು ಮಾಡಿದ ಸರಿಯಾದ ರಿಪೇರಿ ಅದೊಂದೇ.